ಕರಾವಳಿಯ ಮೆಟ್ಟಿಲು ರೇಲಿಂಗಿಗೆ ತುಕ್ಕು: ಲೋಹ ಬದಲಿಸುವ ಮುನ್ನ ದೋಷದ ಪತ್ತೆ

ಮೆಟ್ಟಿಲಿಗೆ ಯಾವ ಲೋಹದ ರೇಲಿಂಗ್ ಹಾಕಿಸಬೇಕು ಎಂಬ ಪ್ರಶ್ನೆಯನ್ನು ಮಂಗಳೂರು, ಉಡುಪಿ ಕಡೆಯಲ್ಲಿ ಹೊಸದಾಗಿ ಮನೆ ಕಟ್ಟುವವರಿಗಿಂತ ಹೆಚ್ಚಾಗಿ ಕೇಳುವವರು, ಒಮ್ಮೆ ಹಾಕಿಸಿ ಎರಡು ಮೂರು ಮಳೆಗಾಲ ಕಳೆದವರು. ಸ್ಟೀಲ್ ಎಂದು ನಂಬಿ ಹಣ ಕೊಟ್ಟ ಪೈಪಿನ ಮೇಲೆ ಕಂದು ಕಲೆ ಮೂಡಿರುತ್ತದೆ, ಅಥವಾ ಬಣ್ಣ ಬಳಿದ ಕಬ್ಬಿಣದ ಕಂಬ ಬುಡದಲ್ಲಿ ಹಪ್ಪಳ ಎದ್ದಿರುತ್ತದೆ. ಈ ಲೋಹವೇ ಸರಿಯಿಲ್ಲ, ಕಿತ್ತು ಬೇರೆಯದನ್ನು ಹಾಕಿಸೋಣ ಎಂಬ ತೀರ್ಮಾನ ಆಗ ಬಹುಬೇಗ ಬಂದುಬಿಡುತ್ತದೆ. ಆದರೆ ಕಲೆ ಮೂಡಿದ ಜಾಗವನ್ನು ಸರಿಯಾಗಿ ನೋಡಿದರೆ, ತಪ್ಪು ಪೈಪಿನದಲ್ಲ, ಅದರ ಬೆಸುಗೆಯದು, ಬುಡದ ಬೋಲ್ಟಿನದು, ನೀರು ಕಟ್ಟಿಕೊಳ್ಳುವ ಕವರಿನದು, ಅಥವಾ ಟೈಲ್ಸ್ ತೊಳೆಯಲು ಸುರಿದ ಆಸಿಡ್‌ನದು ಎಂದು ತಿಳಿಯುವ ಸಂದರ್ಭಗಳು ಸಾಕಷ್ಟಿವೆ. ಆ ಕಾರಣ ಹಾಗೆಯೇ ಉಳಿದರೆ ಹೊಸದಾಗಿ ತರಿಸಿದ ದುಬಾರಿ ಲೋಹವೂ ಅದೇ ಜಾಗದಲ್ಲಿ ಕೆಡುತ್ತದೆ. ಆದ್ದರಿಂದ ಇಲ್ಲಿ ಮೊದಲು ದೋಷದ ಪತ್ತೆ, ಆಮೇಲೆ ಲೋಹದ ಆಯ್ಕೆ.

ಮೊದಲು ಬಲ, ಆಮೇಲೆ ಬಣ್ಣ

ಕಲೆಯನ್ನು ಪರೀಕ್ಷಿಸುವ ಮೊದಲು ರೇಲಿಂಗನ್ನು ಅಲುಗಾಡಿಸಿ ನೋಡಬೇಕು. ಮೆಟ್ಟಿಲಿನ ಮೇಲೆ ಭದ್ರವಾಗಿ ನಿಂತು, ಹೊರಬದಿಗೆ ಮೈಭಾರ ಹಾಕದೆ, ಹಿಡಿಕೆಯ ಪೈಪನ್ನು ಎರಡೂ ಕೈಗಳಿಂದ ತಮ್ಮ ಕಡೆಗೆ ಎಳೆದು ಬಿಡಬೇಕು. ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಒಂದೊಂದೇ ಕಂಬದ ಬುಡವನ್ನು ಗಮನಿಸಬೇಕು. ಬುಡದ ಪ್ಲೇಟ್ ಸಮೇತ ಕಂಬ ಏಳುತ್ತಿದ್ದರೆ ಆಂಕರ್ ಬೋಲ್ಟು ಸಡಿಲವಾಗಿದೆ ಅಥವಾ ಅದರ ಸುತ್ತಲಿನ ಕಾಂಕ್ರೀಟ್ ಒಡೆದಿದೆ. ಪ್ಲೇಟ್ ಕದಲದೆ ಕಂಬ ಮಾತ್ರ ಅಲುಗುತ್ತಿದ್ದರೆ ಬೆಸುಗೆ ಬಿಟ್ಟಿದೆ, ಇಲ್ಲವೇ ಪೈಪಿನ ಗೋಡೆಯನ್ನು ತುಕ್ಕು ತಿಂದಿದೆ. ಎರಡೂ ಗಟ್ಟಿಯಾಗಿದ್ದು ಮೇಲಿನ ಪೈಪು ಮಾತ್ರ ಬಾಗಿ ತೂಗುತ್ತಿದ್ದರೆ ಅದು ತುಕ್ಕಿನ ಸಮಸ್ಯೆಯೇ ಅಲ್ಲ. ಪೈಪು ತೆಳುವಾಗಿದೆ ಅಥವಾ ಕಂಬಗಳ ನಡುವಿನ ಅಂತರ ಹೆಚ್ಚಾಗಿದೆ. ಈ ಮೂರನೆಯದಕ್ಕೆ ಲೋಹ ಬದಲಿಸುವ ಅಗತ್ಯವಿಲ್ಲ, ನಡುವೆ ಒಂದು ಕಂಬ ಸೇರಿಸಿದರೆ ಸಾಕಾಗುತ್ತದೆ.

ಬುಡದ ಬಗ್ಗೆ ಸಂಶಯ ಬಂದರೆ ಸಣ್ಣ ಸುತ್ತಿಗೆಯಿಂದ ಕಂಬವನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ತಟ್ಟುತ್ತಾ ಬರಬೇಕು. ಗಟ್ಟಿ ಪೈಪು ಖಣಖಣ ಎನ್ನುತ್ತದೆ. ಒಳಗೆ ತುಕ್ಕಿನ ಪುಡಿಯೋ ನೀರೋ ತುಂಬಿದ ಕಡೆ ಸದ್ದು ಮಂದವಾಗುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದಾಗ ಅದು ಒಳಗೆ ಇಳಿದರೆ ಮುಂದಿನ ಪರೀಕ್ಷೆ ಬೇಡ. ದುರಸ್ತಿಯಾಗುವ ತನಕ ಆ ಬದಿಗೆ ಹಗ್ಗ ಕಟ್ಟಿ ಜನ ಒರಗದಂತೆ ಮಾಡುವುದೇ ಮೊದಲ ಕೆಲಸ. ಅಂಥ ಕಂಬಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿಯುವ ರೂಢಿ ನಮ್ಮಲ್ಲಿದೆ. ಅದರಿಂದ ರೇಲಿಂಗ್ ಚೆನ್ನಾಗಿ ಕಾಣುತ್ತದೆ, ಒರಗಿದವರು ಬೀಳುತ್ತಾರೆ.

ಮಳೆಯಲ್ಲ, ಉಪ್ಪು

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವುದರಿಂದ ತುಕ್ಕಿಗೆಲ್ಲ ಮಳೆಯೇ ಕಾರಣ ಎಂದು ನಂಬಿರುವುದು ಸಹಜ. ಬಣ್ಣ ಬಳಿದ ಕಬ್ಬಿಣದ ಮಟ್ಟಿಗೆ ಅದರಲ್ಲಿ ಸತ್ಯವೂ ಇದೆ. ಆದರೆ ಸ್ಟೇನ್‌ಲೆಸ್ ಸ್ಟೀಲಿನ ನಿಜವಾದ ಶತ್ರು ಸಮುದ್ರದ ಗಾಳಿ ಹೊತ್ತು ತರುವ ಉಪ್ಪು. ಮಳೆಗಾಲ ಮುಗಿದ ಮೇಲೆ, ಮಧ್ಯಾಹ್ನದ ಕಡಲ ಗಾಳಿಯೊಂದಿಗೆ ಬರುವ ಈ ಉಪ್ಪು ಕಣ್ಣಿಗೆ ಕಾಣದಷ್ಟು ತೆಳುವಾಗಿ ಲೋಹದ ಮೇಲೆ ಕೂರುತ್ತದೆ. ಅಡುಗೆ ಉಪ್ಪಿನ ಮುಖ್ಯಾಂಶವಾದ ಸೋಡಿಯಂ ಕ್ಲೋರೈಡ್, ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದ ಕೂಡಲೇ ತಾನಾಗಿ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಅದರ ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಅದರ ಅರ್ಧಕ್ಕಿಂತ ಕಡಿಮೆ ತೇವಾಂಶ ಸಾಕು. ಕರಾವಳಿಯಲ್ಲಿ ಅಷ್ಟು ತೇವಾಂಶ ಇಲ್ಲದ ರಾತ್ರಿಗಳೇ ಅಪರೂಪ. ಅಂದರೆ, ಒಂದು ಹನಿ ಮಳೆ ಬೀಳದಿದ್ದರೂ ರೇಲಿಂಗಿನ ಮೇಲೆ ಉಪ್ಪುನೀರಿನ ಪದರವೊಂದು ರಾತ್ರಿಯಿಡೀ ಇರುತ್ತದೆ.

ಇದರ ಪರಿಣಾಮವನ್ನು ಟೆರೇಸಿಗೆ ಹೋಗುವ ಹೊರಮೆಟ್ಟಿಲಿನಲ್ಲಿ ಪರೀಕ್ಷಿಸಿ ನೋಡಬಹುದು. ಆಕಾಶಕ್ಕೆ ತೆರೆದುಕೊಂಡ ಭಾಗದಲ್ಲಿ ಮಳೆ ಆ ಉಪ್ಪನ್ನು ತೊಳೆದು ಬಿಡುತ್ತದೆ. ಶೀಟಿನ ಮಾಡು ಇರುವ ಭಾಗದಲ್ಲಿ ಗಾಳಿ ನುಗ್ಗುತ್ತದೆ, ಮಳೆ ನುಗ್ಗುವುದಿಲ್ಲ; ಹಾಗಾಗಿ ಅಲ್ಲಿ ಉಪ್ಪು ವರ್ಷಗಟ್ಟಲೆ ಕೂಡುತ್ತಾ ಹೋಗುತ್ತದೆ. ಒಂದೇ ಪೈಪಿನ ಮೇಲ್ಭಾಗ ಹೊಳೆಯುತ್ತಿದ್ದು ಅಡಿಭಾಗ ಕಂದಾಗಿರುವುದಕ್ಕೂ ಇದೇ ಕಾರಣ. ಒದ್ದೆ ಬಿಳಿ ಬಟ್ಟೆಯನ್ನು ಹಿಡಿಕೆಯ ಪೈಪಿನ ಕೆಳಬದಿಗೆ ಒತ್ತಿ ಒಂದು ಮಾರು ಎಳೆಯಿರಿ. ಬಟ್ಟೆಗೆ ಬರುವುದು ಬೂದು ಧೂಳಾದರೆ ಚಿಂತೆಯಿಲ್ಲ, ಕಂದು ಕೆಸರಾದರೆ ಉಪ್ಪು ಕೆಲಸ ಆರಂಭಿಸಿದೆ ಎಂದು ತಿಳಿಯಬೇಕು. ಮಾಡಿನ ಕೆಳಗಿದೆ, ಸುರಕ್ಷಿತವಾಗಿದೆ ಎಂದು ಭಾವಿಸಿ ಅಲ್ಲಿಗೆ ಅಗ್ಗದ ಪೈಪು ಹಾಕಿಸುವುದು ಈ ಊರಿನ ಮಟ್ಟಿಗೆ ತಲೆಕೆಳಗಾದ ಲೆಕ್ಕ.

ಅಲೆ ಹೊಡೆಯುವ ತೀರದಿಂದ ಸುಮಾರು 5 ಕಿಲೋಮೀಟರ್ ಒಳಗಿನ ಜಾಗವನ್ನು ಸ್ಟೇನ್‌ಲೆಸ್ ಸ್ಟೀಲಿನ ಮಟ್ಟಿಗೆ ಸಮುದ್ರದ ಪ್ರಭಾವವಿರುವ ಜಾಗವೆಂದು ಎಣಿಸುವುದು ರೂಢಿ. ಉಳ್ಳಾಲ, ಪಣಂಬೂರು, ಸುರತ್ಕಲ್, ಪಡುಬಿದ್ರಿ, ಕಾಪು, ಮಲ್ಪೆ ಮಾತ್ರವಲ್ಲ, ಮಂಗಳೂರು ನಗರದ ದೊಡ್ಡ ಭಾಗವೂ ಇದರೊಳಗೆ ಬರುತ್ತದೆ. ಕಾರ್ಕಳ, ಪುತ್ತೂರುಗಳಲ್ಲಿ ಉಪ್ಪಿನ ಕಾಟ ತೀರಾ ಕಡಿಮೆ. ಅಲ್ಲಿ ಸ್ಟೀಲಿನ ಮೇಲೆ ಬೇಗನೆ ಕಲೆ ಬಂದಿದ್ದರೆ ಕಾರಣವನ್ನು ಗಾಳಿಯಲ್ಲಿ ಹುಡುಕದೆ ಕೆಲಸದಲ್ಲಿ ಹುಡುಕಬೇಕು.

ಹಾಕಿರುವುದು ಯಾವ ಲೋಹ?

ಆಯಸ್ಕಾಂತ ಬಲವಾಗಿ ಅಂಟಿ, ಮೇಲೆ ಬಣ್ಣವಿದ್ದರೆ ಅದು ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಕಬ್ಬಿಣ) ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ). ಮರೆಯಾದ ಜಾಗದಲ್ಲಿ ಸ್ವಲ್ಪ ಕೆರೆದಾಗ ಬಣ್ಣದ ಕೆಳಗೆ ಮಾಸಲು ಬೂದು ಸತುವಿನ ಪದರ ಕಂಡರೆ ಜಿಐ. ಅಂಟದೆ, ತೂಕವೂ ಹಗುರವಾಗಿದ್ದರೆ ಅಲ್ಯೂಮಿನಿಯಂ. ಗೊಂದಲವಿರುವುದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ. "ಇದು ತ್ರೀ ನಾಟ್ ಫೋರೇ ಮಾರಾಯ್ರೆ, ಬೇಕಾದರೆ ಆಯಸ್ಕಾಂತ ಇಟ್ಟು ನೋಡಿ, ಹಿಡಿಯುವುದಿಲ್ಲ" ಎಂಬ ಮಾತನ್ನು ರೇಲಿಂಗ್ ಹಾಕಿಸಿದ ಹೆಚ್ಚಿನವರು ಕೇಳಿರುತ್ತಾರೆ. ಹಿಡಿಯುವುದಿಲ್ಲ ಎಂಬುದು ನಿಜ, ಆದರೆ ಅದರಿಂದ ಪೈಪು 304 ಎಂಬ ದರ್ಜೆಯದೇ ಎಂದು ಸಿದ್ಧವಾಗುವುದಿಲ್ಲ. 202 ದರ್ಜೆಯ ಉಕ್ಕನ್ನೂ ಆಯಸ್ಕಾಂತ ಹಿಡಿಯುವುದಿಲ್ಲ. ಮೇಲಾಗಿ, ಅಸಲಿ 304 ಪೈಪನ್ನು ಬಾಗಿಸಿದ ಕಡೆಯಲ್ಲಿ ಆಯಸ್ಕಾಂತ ಸ್ವಲ್ಪ ಸೆಳೆತ ತೋರಿಸುವುದುಂಟು. ಅಂದರೆ ಈ ಪರೀಕ್ಷೆ ನಕಲಿಯನ್ನು ಪಾಸು ಮಾಡಬಹುದು, ಅಸಲಿಯ ಮೇಲೆ ಸಂಶಯ ಹುಟ್ಟಿಸಬಹುದು.

ವ್ಯತ್ಯಾಸವಿರುವುದು ಮಿಶ್ರಣದಲ್ಲಿ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತವೆ. 202ರಲ್ಲಿ ನಿಕ್ಕಲ್ 4ರಿಂದ 6 ಶೇಕಡಾಕ್ಕೆ ಇಳಿದು, ಆ ಕೊರತೆಯನ್ನು ಅಗ್ಗದ ಮ್ಯಾಂಗನೀಸ್ ತುಂಬುತ್ತದೆ. 200ರ ಸರಣಿಯ ಹೆಸರಿನಲ್ಲಿ ಇನ್ನೂ ಕಡಿಮೆ ನಿಕ್ಕಲ್ ಇರುವ ಮಾಲೂ ಮಾರುಕಟ್ಟೆಯಲ್ಲಿದೆ. 316ರಲ್ಲಿ ನಿಕ್ಕಲ್ 10 ಶೇಕಡಾಕ್ಕಿಂತ ಹೆಚ್ಚು, ಜೊತೆಗೆ 2ರಿಂದ 3 ಶೇಕಡಾ ಮಾಲಿಬ್ಡಿನಂ. ಕ್ಲೋರೈಡಿನ ದಾಳಿಯನ್ನು ತಡೆಯುವುದು ಈ ಮಾಲಿಬ್ಡಿನಂ. ಹೊಸದಾಗಿದ್ದಾಗ ಮೂರೂ ಒಂದೇ ರೀತಿ ಹೊಳೆಯುತ್ತವೆ, ಕಣ್ಣಿನಿಂದ ಗುರುತಿಸಲು ಸಾಧ್ಯವೇ ಇಲ್ಲ. ಗುಜರಿಯವರ ಬಳಿ ಮತ್ತು ಸ್ಟೀಲ್ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ದ್ರಾವಣದ ಒಂದು ಹನಿಯನ್ನು ಪೈಪಿನ ಮೇಲೆ ಬಿಟ್ಟು, ಸಣ್ಣ ಬ್ಯಾಟರಿಯ ವಿದ್ಯುತ್ತನ್ನು ಅದರ ಮೂಲಕ ಕೆಲವು ಸೆಕೆಂಡು ಹರಿಸಿದರೆ, ಮ್ಯಾಂಗನೀಸ್ ಹೆಚ್ಚಿರುವ 200ರ ಸರಣಿಯಲ್ಲಿ ಹನಿ ಕೆಂಪಾಗುತ್ತದೆ. 304 ಮತ್ತು 316ರ ನಡುವಿನ ಭೇದಕ್ಕೆ ಮಾಲಿಬ್ಡಿನಂ ಪತ್ತೆಯ ಪ್ರತ್ಯೇಕ ದ್ರಾವಣ ಬೇಕು. ಕಚೇರಿ, ಆಸ್ಪತ್ರೆಗಳಂಥ ದೊಡ್ಡ ಕೆಲಸವಾದರೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ವಿಶ್ಲೇಷಕದಿಂದ ಪರೀಕ್ಷೆ ಮಾಡಿಸುವುದೇ ಮೇಲು. ಪೈಪಿಗೆ ಗಾಯವಾಗದೆ ಮಿಶ್ರಣದ ಲೆಕ್ಕ ಸಿಗುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ಕಂದು ಕಲೆ

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲ್ಮೈಯಲ್ಲಿ ತಾನಾಗಿ ಹುಟ್ಟುವ, ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ. ಗೀರು ಬಿದ್ದರೂ ಗಾಳಿ ತಾಗಿದರೆ ಅದು ಮತ್ತೆ ಕೂಡಿಕೊಳ್ಳುತ್ತದೆ. ಕಲೆ ಬಂದಿದೆ ಎಂದರೆ ಆ ಪದರ ಎಲ್ಲೋ ಹರಿದಿದೆ ಮತ್ತು ಕೂಡಿಕೊಳ್ಳಲು ಏನೋ ಅಡ್ಡಿಯಾಗುತ್ತಿದೆ. ಏನು ಅಡ್ಡಿ ಎಂಬುದನ್ನು ಕಲೆಯ ಜಾಗವೇ ಹೇಳುತ್ತದೆ.

ಇಡೀ ಪೈಪಿನ ಮೇಲೆ, ಅದರಲ್ಲೂ ಕೆಳಬದಿಯಲ್ಲಿ, ಚಹಾ ಚೆಲ್ಲಿ ಒಣಗಿದಂಥ ತೆಳು ಕಂದು ಹರಡಿದ್ದರೆ ಅದು ಉಪ್ಪಿನ ಕಲೆ. ಇದರಿಂದ ರೇಲಿಂಗಿನ ಬಲಕ್ಕೆ ಧಕ್ಕೆ ಬರುವುದು ಅಪರೂಪ, ಅಂದಕ್ಕೆ ಬರುತ್ತದೆ. ಸಾಬೂನು ನೀರು ಮತ್ತು ನೈಲಾನ್ ಪ್ಯಾಡಿನಿಂದ, ಹೊಳಪಿನ ಗೆರೆಗಳು ಇರುವ ದಿಕ್ಕಿನಲ್ಲೇ ಉಜ್ಜಿ ನೋಡಬೇಕು. ಸುಲಭಕ್ಕೆ ಬಿಡದಿದ್ದರೆ ಸಿಟ್ರಿಕ್ ಆಸಿಡ್ ಇರುವ ಕ್ಲೀನರ್ ಬಳಸಿ, ಸಾಕಷ್ಟು ಸಿಹಿನೀರಿನಿಂದ ತೊಳೆಯಬೇಕು. ಸಿಹಿನೀರು ಎಂದು ಒತ್ತಿ ಹೇಳಲು ಕಾರಣವಿದೆ: ತೀರಕ್ಕೆ ಹತ್ತಿರವಿರುವ ಮನೆಗಳ ಬಾವಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುವುದುಂಟು, ಆ ನೀರಿನಿಂದ ತೊಳೆದರೆ ತೊಳೆಯದಿರುವುದೇ ವಾಸಿ. ಕಲೆ ಪೂರ್ತಿ ಹೋಗಿ, ಮುಂದಿನ ಬೇಸಿಗೆಯ ತನಕ ಬಾರದಿದ್ದರೆ ಲೋಹಕ್ಕೆ ತೊಂದರೆಯಿಲ್ಲ, ಬೇಕಾಗಿರುವುದು ಆಗಾಗ ತೊಳೆಯುವ ಕ್ರಮ. ಕೆಲವೇ ವಾರಗಳಲ್ಲಿ ಮರಳಿದರೆ ಎರಡರಲ್ಲೊಂದು: ದರ್ಜೆ ಕಡಿಮೆಯದು, ಅಥವಾ ಮೇಲ್ಮೈ ಒರಟಾಗಿದೆ. ಒರಟು ಮ್ಯಾಟ್ ಫಿನಿಶಿನ ಗೀರುಗಳಲ್ಲಿ ಉಪ್ಪು ಸಿಕ್ಕಿಕೊಳ್ಳುತ್ತದೆ. ಅದೇ ಲೋಹವನ್ನು ಕನ್ನಡಿಯಂತೆ ಬಫಿಂಗ್ ಮಾಡಿದಾಗ ಉಪ್ಪು ನಿಲ್ಲುವುದು ಕಡಿಮೆ. ಪೈಪು 304 ಎಂದು ಪರೀಕ್ಷೆಯಿಂದ ಖಚಿತವಾಗಿದ್ದರೆ, ಕೀಳಿಸುವ ಮುನ್ನ ಒಮ್ಮೆ ಚೆನ್ನಾಗಿ ಬಫಿಂಗ್ ಮಾಡಿಸಿ ಒಂದು ಬೇಸಿಗೆ ಕಾದು ನೋಡುವುದು ಒಳ್ಳೆಯದು.

ಕಲೆ ಬೆಸುಗೆಯ ಅಕ್ಕಪಕ್ಕದಲ್ಲಿ ಮಾತ್ರ ಇದ್ದರೆ ಪೈಪನ್ನು ದೂರುವಂತಿಲ್ಲ. ಬೆಸೆಯುವಾಗ ಕಾಣುವ ಹಳದಿ, ನೀಲಿ ಬಣ್ಣದ ಪಟ್ಟಿಯ ಕೆಳಗೆ ಕ್ರೋಮಿಯಂ ಕಡಿಮೆಯಾದ ತೆಳು ಪದರ ಉಳಿದಿರುತ್ತದೆ. ಆ ಬಣ್ಣವನ್ನು ತೆಗೆಯದೆ ಬಿಟ್ಟರೆ ಮೊದಲ ತುಕ್ಕು ಅಲ್ಲಿಂದಲೇ. ಮೇಲಿಂದ ಮೇಲೆ ಬಫ್ ಮಾಡಿದರೆ ಬಣ್ಣ ಹೋದಂತೆ ಕಾಣುತ್ತದೆ, ಆ ಪದರ ಪೂರ್ತಿ ಹೋಗಿರುವುದಿಲ್ಲ. ಇದಕ್ಕೆ ಸರಿಯಾದ ಚಿಕಿತ್ಸೆ ಪಿಕ್ಲಿಂಗ್ ಪೇಸ್ಟ್, ಅಂದರೆ ಆ ಪದರವನ್ನು ಕರಗಿಸಿ ತೆಗೆಯುವ ಆಸಿಡ್ ಲೇಪ. ಆದರೆ ಅದರಲ್ಲಿ ನೈಟ್ರಿಕ್ ಆಸಿಡ್ ಜೊತೆಗೆ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಚರ್ಮದ ಮೂಲಕ ಒಳಗಿಳಿದು ಎಲುಬಿನ ತನಕ ಹಾನಿ ಮಾಡುವಂಥದ್ದು; ಕೈಗವಸು, ಕನ್ನಡಕ ಧರಿಸಿ ಅಭ್ಯಾಸವಿರುವ ಕೆಲಸಗಾರರೇ ಮಾಡಬೇಕು, ಮನೆಯವರು ಮುಟ್ಟಬಾರದು. ಬೆಸುಗೆಯ ಸಾಲಿಗಿಂತ ಸ್ವಲ್ಪ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ತುಕ್ಕಿನ ಗೆರೆ ಇದ್ದರೆ, ಹೆಚ್ಚು ಶಾಖದಲ್ಲಿ ಇಂಗಾಲವು ಕ್ರೋಮಿಯಂ ಅನ್ನು ಕಟ್ಟಿಹಾಕಿದೆ ಎಂದು ಅರ್ಥ, ಇಂಗಾಲ 0.03 ಶೇಕಡಾಕ್ಕಿಂತ ಹೆಚ್ಚಿರದ 304ಎಲ್, 316ಎಲ್ ದರ್ಜೆಗಳು ಇರುವುದೇ ಇದನ್ನು ತಪ್ಪಿಸಲು. ತೆಳು ಪೈಪಿನ ಮನೆ ರೇಲಿಂಗಿನಲ್ಲಿ ಈ ದೋಷ ಅಷ್ಟಾಗಿ ಕಾಣುವುದಿಲ್ಲ.

ಪೈಪಿನ ಮೇಲೆ ಅಲ್ಲಲ್ಲಿ ಸಾಸಿವೆ ಗಾತ್ರಕ್ಕಿಂತ ಚಿಕ್ಕ ಕಂದು ಚುಕ್ಕೆಗಳು, ಅದೂ ಒಂದೇ ಬದಿಗೆ ಚಿಮುಕಿಸಿದಂತೆ ಇದ್ದರೆ, ಹತ್ತಿರದಲ್ಲಿ ಯಾರೋ ಗ್ರೈಂಡರ್ ಹಿಡಿದು ಕಬ್ಬಿಣ ಕತ್ತರಿಸಿದ್ದಾರೆ. ಗೇಟಿನ ಕೆಲಸವೋ, ಟೆರೇಸಿನ ಶೀಟಿಗೆ ಟ್ರಸ್ ಹಾಕುವ ಕೆಲಸವೋ ರೇಲಿಂಗ್ ಆದ ಮೇಲೆ ನಡೆದಿರುತ್ತದೆ; ಕಿಡಿಗಳಾಗಿ ಹಾರಿದ ಕಬ್ಬಿಣದ ಕಣಗಳು ಸ್ಟೀಲಿಗೆ ಅಂಟಿ, ಅವು ತುಕ್ಕು ಹಿಡಿಯುತ್ತವೆ. ಕಬ್ಬಿಣಕ್ಕೆ ಬಳಸಿದ ಅದೇ ಡಿಸ್ಕನ್ನು ಸ್ಟೀಲಿಗೆ ಬಳಸಿದರೂ, ಪಾತ್ರೆ ಉಜ್ಜುವ ಕಬ್ಬಿಣದ ಜುಂಗಿನಿಂದ ತಿಕ್ಕಿದರೂ ಇದೇ ಫಲ. ಬೇಗ ಗಮನಿಸಿ ತೆಗೆಸಿದರೆ ಲೋಹ ಉಳಿಯುತ್ತದೆ, ವರ್ಷ ಬಿಟ್ಟರೆ ಚುಕ್ಕೆಯ ಅಡಿಯಲ್ಲಿ ಗುಳಿ ಬೀಳುತ್ತದೆ.

ಕೆಳಗಿನ ಒಂದು ಅಡಿ ಮಾತ್ರ ಮಂಕಾಗಿ, ನೆಲದಿಂದ ಮೇಲಕ್ಕೆ ಹಾರಿದ ಹನಿಗಳ ಗುರುತಿನಂತೆ ಕಪ್ಪು, ಕಂದು ಕಲೆಗಳಿದ್ದರೆ, ಆಸಿಡ್ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಟೈಲ್ಸ್ ಅಥವಾ ಗ್ರಾನೈಟ್ ಹಾಸಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಸುರಿಯುವ ಆಸಿಡ್ ಹೈಡ್ರೋಕ್ಲೋರಿಕ್ ಆಸಿಡ್. ಅದು ಮುಟ್ಟಿದ ಕಡೆ ಮಾತ್ರವಲ್ಲ, ಅದರ ಆವಿ ತಾಗಿದ ಕಡೆಯೂ ಸ್ಟೇನ್‌ಲೆಸ್ ಸ್ಟೀಲ್ ಕೆಡುತ್ತದೆ, 316 ಕೂಡ ಇದಕ್ಕೆ ಹೊರತಲ್ಲ. ಗೃಹಪ್ರವೇಶದ ಹಿಂದಿನ ದಿನದ ತರಾತುರಿಯಲ್ಲಿ ರೇಲಿಂಗಿನ ಕೆಲಸ ಮುಗಿದ ಮೇಲೆ ನೆಲ ತೊಳೆಯುವುದು ವಾಡಿಕೆ. ಆ ಕ್ರಮವನ್ನು ತಿರುಗಿಸಿದರೆ, ಅಂದರೆ ನೆಲ ತೊಳೆದು ಒಣಗಿದ ಮೇಲೆ ರೇಲಿಂಗ್ ಕೂರಿಸಿದರೆ, ಈ ದೋಷವೇ ಇರುವುದಿಲ್ಲ. ಕಚೇರಿ, ಶಾಲೆಗಳ ಮೆಟ್ಟಿಲಿನಲ್ಲಿ ದಿನವೂ ನೆಲ ಒರೆಸುವ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸುತ್ತಿದ್ದರೆ ಅದೇ ಕಲೆ ನಿಧಾನವಾಗಿ ಬರುತ್ತದೆ.

ಕೊನೆಯದಾಗಿ ಕಂಬದ ಬುಡದ ಗುಂಡು ಕವರ್. ಇದರ ಅಂಚಿನಿಂದ ಮೆಟ್ಟಿಲಿನ ಗ್ರಾನೈಟಿನ ಮೇಲೆ ಕೆಂಪು ನೀರಿನ ಗೆರೆ ಇಳಿದಿದ್ದರೆ, ಕವರನ್ನು ಪುಟ್ಟಿ ಚಾಕುವಿನಿಂದ ಎಬ್ಬಿಸಿ ಮೇಲಕ್ಕೆ ಸರಿಸಿ ನೋಡಬೇಕು. ಒಳಗೆ ಒದ್ದೆಯಾದ ಧೂಳು, ಇರುವೆ ತಂದಿಟ್ಟ ಮಣ್ಣು, ಅದರ ನಡುವೆ ಊದಿಕೊಂಡು ಪದರ ಪದರವಾಗಿ ಏಳುತ್ತಿರುವ ನಾಲ್ಕು ಬೋಲ್ಟಿನ ತಲೆಗಳು ಕಾಣುತ್ತವೆ. ಪ್ಲೇಟನ್ನು ಒರೆಸಿದರೆ ಅದು ಬೆಳ್ಳಗಿರುತ್ತದೆ! ತುಕ್ಕು ಹಿಡಿದಿರುವುದು ತೆಳು ಸತುವಿನ ಲೇಪವಿರುವ ಸಾಮಾನ್ಯ ಕಬ್ಬಿಣದ ಆಂಕರಿಗೆ. ಸ್ಟೇನ್‌ಲೆಸ್ ಪ್ಲೇಟಿನ ಜೊತೆ ಉಪ್ಪುನೀರಿನಲ್ಲಿ ಸೇರಿಕೊಂಡಾಗ ಕಬ್ಬಿಣ ತಾನೊಂದೇ ಇರುವಾಗಿನದಕ್ಕಿಂತ ಬೇಗ ಸವೆಯುತ್ತದೆ. ಇಂಥ ರೇಲಿಂಗಿಗೆ ಬೇಕಾಗಿರುವುದು ಸ್ಟೇನ್‌ಲೆಸ್ ಆಂಕರ್. ತೀರದ ಹತ್ತಿರ 316ಕ್ಕೆ ಸಮನಾದ ಎ4 ಗುರುತಿನದು. ಒಂದೊಂದೇ ಬೋಲ್ಟನ್ನು ಬದಲಿಸಿ, ಕವರಿನ ಅಂಚಿಗೆ ಮೇಲ್ಬದಿಯಲ್ಲಿ ಸಿಲಿಕೋನ್ ಎಳೆದು, ಇಳಿಜಾರಿನ ಕಡೆಗೆ ನೀರು ಹೋಗಲು ಸಣ್ಣ ಜಾಗ ಬಿಡಬೇಕು. ಪ್ಲೇಟೂ ಎಂಎಸ್ ಆಗಿದ್ದರೆ, ಹಣ ಉಳಿಸಲು ಮಾಡುವ ಆ ಕೆಲಸವೂ ಅಪರೂಪವಲ್ಲ, ಕಂಬವನ್ನು ಬಿಚ್ಚಿಸಿ ಪ್ಲೇಟ್ ಬದಲಿಸದೆ ದಾರಿಯಿಲ್ಲ.

ಬಣ್ಣ ಬಳಿದ ಎಂಎಸ್ ಮತ್ತು ಜಿಐ

ಎಂಎಸ್ ರೇಲಿಂಗಿನಲ್ಲಿ ಬಣ್ಣದ ಗುಳ್ಳೆಗಳನ್ನು ಒಡೆದು ನೋಡುವುದೇ ಪರೀಕ್ಷೆ. ಗುಳ್ಳೆಯೊಳಗೆ ನೀರಿದ್ದು ಲೋಹ ಇನ್ನೂ ಬೂದಾಗಿದ್ದರೆ, ಉಪ್ಪು ಕೂತ ಮೇಲ್ಮೈಯನ್ನು ತೊಳೆಯದೆ ಬಣ್ಣ ಬಳಿಯಲಾಗಿದೆ. ಬಣ್ಣದ ಕೆಳಗಿನ ಉಪ್ಪು ಹೊರಗಿನ ತೇವವನ್ನು ಎಳೆದುಕೊಂಡಿದೆ. ಒಳಗೆ ಕೆಂಪು ಪುಡಿಯಿದ್ದರೆ ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದಿದ್ದಾರೆ. ಗುಳ್ಳೆಯೆಲ್ಲ ಬೆಸುಗೆಯ ಮೇಲಿದ್ದರೆ ಬೆಸುಗೆಯ ಕಿಟ್ಟವನ್ನು ತೆಗೆಯದೆ ಬಣ್ಣ ಹಾಕಲಾಗಿದೆ. ಚಿಕಿತ್ಸೆ ಮೂರಕ್ಕೂ ಒಂದೇ: ಲೋಹ ಕಾಣುವ ತನಕ ಉಜ್ಜಿ, ಸಿಹಿನೀರಿನಿಂದ ತೊಳೆದು, ಅದೇ ದಿನ ಎಪಾಕ್ಸಿ ಪ್ರೈಮರ್, ಆಮೇಲೆ ಎರಡು ಕೋಟ್ ಹೊರಬಣ್ಣ. ಗಾಳಿಯ ತೇವಾಂಶ 85 ಶೇಕಡಾಕ್ಕಿಂತ ಕಡಿಮೆ ಇರುವಾಗ ಬಣ್ಣ ಬಳಿಯಬೇಕು ಎಂಬ ನಿಯಮವನ್ನು ನಮ್ಮ ಊರಿನ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಪಾಲಿಸಲು ಆಗುವುದೇ ಇಲ್ಲ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ತಡವಾದರೆ ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಮೊದಲು ಮುಗಿಸಿಬಿಡಬೇಕು.

ಹೊರಗೆ ಬಣ್ಣ ಚೆನ್ನಾಗಿದ್ದೂ ಬುಡದಲ್ಲಿ ಕಾಂಕ್ರೀಟ್ ಸೀಳಿದ್ದರೆ ತುಕ್ಕು ಒಳಗಿದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಮೆಟ್ಟಿಲಿನೊಳಗೆ ಹೂತ ಕಂಬ ಹಾಗೆ ಊದಿಕೊಂಡಾಗ ಗ್ರಾನೈಟ್ ಕೂಡ ಬಿರಿಯುತ್ತದೆ. ಪೈಪಿನ ಮೇಲಿನ ತುದಿ ಸರಿಯಾಗಿ ಮುಚ್ಚದಿದ್ದರೆ ಮಳೆನೀರು ಒಳಗಿಳಿದು ಬುಡದಲ್ಲಿ ನಿಲ್ಲುತ್ತದೆ. ತುದಿಯನ್ನು ಬೆಸೆದು ಮುಚ್ಚಬೇಕು, ಅದು ಸಾಧ್ಯವಿಲ್ಲವಾದರೆ ಬುಡದಲ್ಲಿ ನೀರು ಇಳಿಯಲು ತೂತು ಬಿಡಬೇಕು.

ಜಿಐ ಪೈಪಿನಲ್ಲಿ ಬಿಳಿ ಪುಡಿ ಕಂಡರೆ ಅದು ಸತುವಿನ ತುಕ್ಕು, ಲೋಹ ಇನ್ನೂ ಸುರಕ್ಷಿತ. ಕೆಂಪು ಕಂಡರೆ ಸತು ಮುಗಿದಿದೆ, ಅದು ಮೊದಲು ಕಾಣುವುದು ಬೆಸೆದ ಜಾಗದಲ್ಲಿ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ, ಬೆಸುಗೆಯ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು; ಹಾಗಾಗಿ ಜಿಐ ಪೈಪು ತಂದು ಬೆಸೆದು ಮಾಡಿದ ರೇಲಿಂಗಿನ ಪ್ರತಿ ಜೋಡಣೆಯೂ ಬರಿಯ ಕಬ್ಬಿಣ. ಆ ಜಾಗಗಳನ್ನು ಉಜ್ಜಿ, ಸತು ತುಂಬಿದ ಪೇಂಟ್ ಹಚ್ಚಿದರೆ ಮಾತ್ರ ಪ್ರಯೋಜನ. ಜಿಐ ಮೇಲಿನ ಬಣ್ಣ ಹಾಳೆಯಂತೆ ಕಿತ್ತು ಬರುತ್ತಿದ್ದರೆ, ಸಾಮಾನ್ಯ ಎನಾಮಲ್ ಅನ್ನು ನೇರವಾಗಿ ಸತುವಿನ ಮೇಲೆ ಬಳಿದಿದ್ದಾರೆ. ಎಷ್ಟು ಸಲ ಬಳಿದರೂ ಅದು ನಿಲ್ಲದು, ಸತುವಿಗೆ ತಕ್ಕ ಪ್ರೈಮರ್ ಬೇಕು.

ಅಲ್ಯೂಮಿನಿಯಂ, ಹಿತ್ತಾಳೆ

ಅಲ್ಯೂಮಿನಿಯಂನಲ್ಲಿ ಬಿಳಿ ಗುಳಿಗಳು ಸ್ಟೀಲ್ ಸ್ಕ್ರೂಗಳ ಸುತ್ತ ಮಾತ್ರ ಇದ್ದರೆ ಎರಡು ಲೋಹಗಳ ನಡುವೆ ನೈಲಾನ್ ವಾಷರ್ ಇಟ್ಟಿಲ್ಲ. ಬುಡದಲ್ಲಿದ್ದರೆ ಹಸಿ ಸಿಮೆಂಟಿನ ಕ್ಷಾರ ತಿಂದಿದೆ. ಪೌಡರ್ ಕೋಟಿನ ಕೆಳಗೆ ಹುಳ ಹರಿದಂಥ ಗೆರೆಗಳಿದ್ದರೆ ಲೇಪದ ಮುಂಚಿನ ತಯಾರಿ ಸರಿಯಾಗಿಲ್ಲ. ಹಿತ್ತಾಳೆಯ ಹಸಿರು ಕಿಲುಬು ಹುಣಸೆಹಣ್ಣಿಗೆ ಬಿಡುತ್ತದೆ, ಮನೆಯೊಳಗಿನ ಅಲಂಕಾರಕ್ಕೆ ತೊಂದರೆಯಿಲ್ಲ. ತಿಕ್ಕಿದ ಮೇಲೆ ಗುಲಾಬಿ ಬಣ್ಣದ ತಾಮ್ರ ಕಂಡರೆ ಸತು ಕರಗಿ ಹೋಗಿದೆ, ಆ ತುಂಡಿನ ಮೇಲೆ ಭಾರ ಹಾಕಬಾರದು.

ಇನ್ನು ಆಯ್ಕೆ

ಕಾರಣ ತಿಳಿದ ಮೇಲೂ ಹೊಸ ರೇಲಿಂಗೇ ಬೇಕೆಂದಾದರೆ, ಮನೆಗೊಂದೇ ಲೋಹ ಎಂಬ ಹಟ ಬೇಡ. ಗೋಡೆ, ಕಿಟಕಿಗಳ ಮರೆಯಲ್ಲಿರುವ ಒಳಮೆಟ್ಟಿಲಿಗೆ 304 ಸಾಕು. ತೀರದಿಂದ ದೂರದ ಊರುಗಳಲ್ಲಿ, ನೆಲಕ್ಕೆ ಆಸಿಡ್ ಬೀಳದಿದ್ದರೆ, ಒಳಗೆ 202 ಕೂಡ ಬಾಳುತ್ತದೆ, ಆದರೆ 202 ಎಂದು ಹೇಳಿ ಅದರ ಬೆಲೆಗೇ ಕೊಳ್ಳಬೇಕು. ತೀರದ ಹತ್ತಿರದ ಹೊರಮೆಟ್ಟಿಲು, ಬಾಲ್ಕನಿ, ಶೀಟಿನ ಮಾಡಿನಡಿಯ ಟೆರೇಸ್ ಮೆಟ್ಟಿಲುಗಳಿಗೆ ಸ್ಟೀಲೇ ಬೇಕೆಂದರೆ 316, ಅದೂ ಬಫಿಂಗ್ ಮಾಡಿದ್ದು, ಮತ್ತು ಕೈಗೆಟಕುವಂತೆ ತೊಳೆಯಲು ಬರುವಂಥದ್ದು. ದರ 304ಕ್ಕಿಂತ ಸಾಕಷ್ಟು ಹೆಚ್ಚು, ಪೈಪನ್ನು ಮೊದಲೇ ಹೇಳಿ ತರಿಸಬೇಕಾಗಬಹುದು.

ಅಷ್ಟು ಹಣ ಹಾಕಲಾಗದವರು ಹೊರಗಡೆಗೆ 202 ಪೈಪಿನ ಕಡೆಗೆ ಜಾರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಎಂಎಸ್ ಎಷ್ಟೋ ಉತ್ತಮ, ಆದರೆ ಮಾಡುವ ಕ್ರಮ ಬೇರೆ ಇರಬೇಕು. ಟೊಳ್ಳು ಪೈಪಿನ ಬದಲು ಚಪ್ಪಟೆ ಪಟ್ಟಿ, ಸರಳುಗಳಿಂದ ರೇಲಿಂಗನ್ನು ತುಂಡು ತುಂಡಾಗಿ ಪೂರ್ತಿ ಬೆಸೆದು ಮುಗಿಸಿ, ಆಮೇಲೆ ಆ ತುಂಡುಗಳನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿಸಬೇಕು. ಇದು ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಬೆಸುಗೆಯ ಮೇಲೂ ಸತು ಕೂರುವುದು ಈ ಕ್ರಮದಲ್ಲಿ ಮಾತ್ರ. ಜಾಗದಲ್ಲಿ ತುಂಡುಗಳನ್ನು ಬೋಲ್ಟಿನಿಂದ ಜೋಡಿಸಬೇಕು, ಮತ್ತೆ ಬೆಸೆಯಬಾರದು. ಎಲ್ಲಿಯಾದರೂ ಪೈಪು ಬಳಸಿದ್ದರೆ ಅದಕ್ಕೆ ಗಾಳಿ ಹೋಗುವ ತೂತು ಇಡುವುದು ಕಡ್ಡಾಯ, ಮುಚ್ಚಿದ ಪೈಪು ಬಿಸಿ ಸತುವಿನಲ್ಲಿ ಸಿಡಿಯುತ್ತದೆ. ಅದರ ಮೇಲೆ ತಕ್ಕ ಪ್ರೈಮರ್ ಮತ್ತು ಬಣ್ಣ ಬಿದ್ದರೆ ಕಡಲ ಗಾಳಿಗೂ ಬಹಳ ಕಾಲ ತಡೆಯುತ್ತದೆ, ಕೆಟ್ಟಾಗ ಮತ್ತೆ ಬಳಿಯಲೂ ಬರುತ್ತದೆ. ಕಲೆ ಬಂದ 202ಕ್ಕೆ ಆ ಅನುಕೂಲವಿಲ್ಲ.

ಜನ ಹೆಚ್ಚು ಓಡಾಡುವ ಕಚೇರಿ, ಆಸ್ಪತ್ರೆಗಳಲ್ಲಿ ತುಕ್ಕಿನ ಜೊತೆಗೆ ದಪ್ಪವನ್ನೂ ನೋಡಬೇಕು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, 16 ಗೇಜ್ ಸುಮಾರು 1.6. ಬಫಿಂಗ್ ಮಾಡುವಾಗ ಇನ್ನೂ ಸ್ವಲ್ಪ ಸವೆಯುತ್ತದೆ. ಕಂಬಗಳಿಗೆ 16 ಗೇಜಿಗಿಂತ ತೆಳುವಾದುದನ್ನು ಒಪ್ಪಬಾರದು. ಮಕ್ಕಳಿರುವ ಕಡೆ ಅಡ್ಡ ಪೈಪುಗಳ ವಿನ್ಯಾಸ ಹತ್ತಲು ಮೆಟ್ಟಿಲಾಗುತ್ತದೆ, ನಿಂತ ಸರಳುಗಳೇ ಲೇಸು. ಅವುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಇರಬಾರದು.

ಕೊಟೇಶನ್ನಿನಲ್ಲಿ "ಎಸ್‌ಎಸ್ ರೇಲಿಂಗ್, ಅಡಿಗೆ ಇಷ್ಟು" ಎಂಬ ಒಂದೇ ಸಾಲು ಇದ್ದರೆ ಅದನ್ನು ಹಿಂದಿರುಗಿಸಿ, ಪೈಪಿನ ದರ್ಜೆ, ಗೇಜ್, ಬುಡದ ಪ್ಲೇಟಿನ ಲೋಹ, ಆಂಕರಿನ ಲೋಹ, ಬೆಸುಗೆಯ ಬಣ್ಣ ತೆಗೆಯುವ ವಿಧಾನ, ಇಷ್ಟನ್ನು ಬರೆಸಿಕೊಳ್ಳಬೇಕು. ದರ್ಜೆ ಬಿಲ್ಲಿನಲ್ಲೂ ಇರಬೇಕು. ಪೈಪು ಮನೆಗೆ ಬಂದ ದಿನವೇ, ಕತ್ತರಿಸಿ ಉಳಿದ ತುಂಡಿನ ಮೇಲೆ ದ್ರಾವಣದ ಪರೀಕ್ಷೆ ಮಾಡಬೇಕು. ಬೆಸೆದು ಕೂರಿಸಿದ ಮೇಲೆ ಮಾಡಿದರೆ ಫಲಿತಾಂಶ ತಿಳಿಯುತ್ತದೆ, ಪೈಪನ್ನು ವಾಪಸು ಕಳುಹಿಸಲು ಆಗುವುದಿಲ್ಲ. ಆ ತುಂಡಿನ ಮೇಲೆ ದಿನಾಂಕ ಬರೆದು ಬಿಲ್ಲಿನ ಜೊತೆ ಇಟ್ಟುಕೊಂಡರೆ, ಮುಂದೆ ಕಲೆ ಬಂದಾಗ ದೋಷ ಲೋಹದ್ದೋ ಕೆಲಸದ್ದೋ ಎಂಬ ವಾದವನ್ನು ರೇಲಿಂಗ್ ಬಿಚ್ಚದೆ ಬಗೆಹರಿಸಬಹುದು.